ಮೀನು ಮಾರುವವರಿಗೆ: ತಪಾಸಣೆಗೆ ಮೊದಲು ಐಸ್ ನೋಡಿಕೊಳ್ಳಿ

ಆಹಾರ ಸುರಕ್ಷತಾ ಅಧಿಕಾರಿ ಬಂದಾಗ ನೋಂದಣಿ ಪತ್ರ ಎದುರಿಗೇ ತೂಗುಹಾಕಿರಲಿ, ಅದು ಸುಲಭದ ಕೆಲಸ. ಹೆಚ್ಚಾಗಿ ಎಡವುವುದು ಐಸಿನಲ್ಲಿ. ನಮ್ಮ ಕರಾವಳಿಯ ಸೆಖೆಗೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಪುಡಿ ಐಸ್ ಬೇಕೇ ಬೇಕು: ಅಡಿಗೊಂದು ಪದರ, ನಡುವೆ, ಮತ್ತೆ ಮೇಲೆ. ಮೇಲಷ್ಟೇ ಉದುರಿಸಿದರೆ ತಳದ ಮೀನು ಬೆಚ್ಚಗೇ ಉಳಿಯುತ್ತದೆ. ಕ್ರೇಟಿನ ತಳದಲ್ಲಿ ತೂತಿರಲಿ; ಕರಗಿದ ಕೆಂಪು ನೀರಲ್ಲಿ ನೆನೆದ ಮೀನು ಬೇಗ ಲೋಳೆಗಟ್ಟುತ್ತದೆ.

ಬಂಗುಡೆ, ಬೂತಾಯಿ, ಕೇದರದ (ಟ್ಯೂನಾ) ಮೇಲೆ ಇನ್ನೂ ಹೆಚ್ಚು ಕಣ್ಣಿಡಿ. ತಂಪು ತಪ್ಪಿದರೆ ಇವುಗಳಲ್ಲಿ ಹಿಸ್ಟಮಿನ್ ಎಂಬ ವಿಷವಸ್ತು ಹುಟ್ಟುತ್ತದೆ. ಆಮೇಲೆ ಫ್ರೀಜರಿಗಿಟ್ಟರೂ, ಸಾರು ಕುದಿಸಿದರೂ ಅದು ಹೋಗುವುದಿಲ್ಲ. ತಿಂದವರ ಮುಖ ಕೆಂಪೇರಿ ಮೈಯೆಲ್ಲ ತುರಿಸುತ್ತದೆ. ಥರ್ಮಾಮೀಟರಿನ ಮೊನೆಯನ್ನು ಮೀನಿನ ದಪ್ಪ ಭಾಗಕ್ಕೆ, ನಡುಮುಳ್ಳಿನ ಹತ್ತಿರ ಚುಚ್ಚಿ ನೋಡಿ. 5 ಡಿಗ್ರಿ ಸೆಲ್ಸಿಯಸ್ ದಾಟಬಾರದು, 0 ಹತ್ತಿರವಿದ್ದಷ್ಟೂ ಒಳ್ಳೆಯದು.

ಮೀನು ಕೆಡದಂತೆ ಕೆಲವರು ಬೆರೆಸುವ ಫಾರ್ಮಾಲಿನ್, ಅಮೋನಿಯಾ ಎಂಬ ರಾಸಾಯನಿಕಗಳ ಪತ್ತೆಗೆ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಗಳಿವೆ. ಮೀನಿನ ಮೈಗೆ ಉಜ್ಜಿ, ದ್ರಾವಣ ಬಿಟ್ಟು, ಬಣ್ಣ ಹೋಲಿಸಿದರಾಯಿತು. ಲಾರಿಯಿಂದ ಇಳಿಸುವಾಗಲೇ ಮಾಡಿ, ಮಾರಾಟಕ್ಕಿಟ್ಟ ಮೇಲೆ ಜವಾಬ್ದಾರಿ ನಿಮ್ಮದೇ. ಖರೀದಿಯ ಚೀಟಿಯನ್ನೂ ಎಸೆಯಬೇಡಿ.

ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಭಾಗವನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಅಲ್ಲೇ ಬರೆದುಕೊಡಿ. ವರದಿ ವಿರುದ್ಧವಾಗಿ ಬಂದರೆ ಮೇಲ್ಮನವಿಗೆ ವರದಿ ಕೈಸೇರಿದ ದಿನದಿಂದ 30 ದಿನ ಇರುತ್ತದೆ.