ಕಾಡಿನ ಫೋಟೊಗೆ ಹೊರಟಿದ್ದೀರಾ? ರೂಮು ಹೀಗೆ ನೋಡಿ

ಈಜುಕೊಳದ ಚಿತ್ರ ನೋಡಿ ರೂಮು ಹಿಡಿದು, ಎಳೆಬಿಸಿಲು ಹುಲ್ಲಿನ ಮೇಲೆ ಬೀಳುವ ಹೊತ್ತಿಗೆ ಇನ್ನೂ ದಾರಿಯಲ್ಲೇ ಇರುವವರನ್ನು ಕಂಡು ಕಂಡು ಇದನ್ನು ಬರೆಯುತ್ತಿದ್ದೇನೆ.

1. ಕಾಡಿನ ಗೇಟಿಗೆ ಎಷ್ಟು ಕಿಲೋಮೀಟರ್ ಎಂದಲ್ಲ, ಎಷ್ಟು ನಿಮಿಷ ಎಂದು ಕೇಳಿ. 20 ನಿಮಿಷ ದಾಟಿದರೆ ನಾನು ಆ ಜಾಗವನ್ನೇ ಬಿಡುತ್ತೇನೆ, ಎಷ್ಟೇ ಚೆಂದವಿರಲಿ.

2. ‘ಕರೆಂಟ್ ಇದೆಯಾ’ ಎಂದರೆ ಎಲ್ಲರೂ ಇದೆ ಅನ್ನುತ್ತಾರೆ. ‘ರಾತ್ರಿ ಜನರೇಟರ್ ಎಷ್ಟೊತ್ತಿಗೆ ನಿಲ್ಲಿಸ್ತೀರಿ’ ಎಂದು ಕೇಳಿದರೆ ನಿಜ ಹೊರಬರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ನಿಮ್ಮದೇ ಒಯ್ಯಿರಿ. ಅಗ್ಗದ್ದು ಬೇಡ; ಅದರಲ್ಲಿ ಪ್ಲಗ್ಗು ಸಡಿಲಾಗಿ, ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿ.

3. ಎಸಿ. ಹೆಚ್ಚಿನವರು ಕೆಡುವುದು ಇಲ್ಲೇ. ರಾತ್ರಿಯಿಡೀ ತಣ್ಣಗಾದ ಲೆನ್ಸನ್ನು ಸೆಕೆಯ, ತೇವದ ಗಾಳಿಗೆ ತಂದ ಕೂಡಲೇ ಗಾಜಿನ ಮೇಲೆ ಮಂಜು ಕೂರುತ್ತದೆ, ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ. ಒಮ್ಮೆ ಜೀಪಿನಲ್ಲಿ ನನ್ನ ಪಕ್ಕದವರು ಅಂಗಿಯ ಅಂಚಿನಿಂದ ಒರೆಸಿದರು, ಮತ್ತೆ ಮಂಜು. ಮತ್ತೆ ಒರೆಸಿದರು, ಮತ್ತೆ ಮಂಜು. ಚಿರತೆ ರಸ್ತೆ ದಾಟಿ ಹೋಯಿತು. ಒರೆಸಬೇಡಿ. ಗಾಜು ತಣ್ಣಗಿರುವವರೆಗೆ ಮಂಜು ಬರುತ್ತಲೇ ಇರುತ್ತದೆ, ಜೊತೆಗೆ ದೂಳು ಉಜ್ಜಿ ಗೀರು ಬೀಳುತ್ತದೆ.

ನನ್ನ ಮಾತು ಕೇಳುವುದಾದರೆ ಫ್ಯಾನಿನ ರೂಮೇ ಸಾಕು. ಎಸಿ ಬೇಕೇ ಬೇಕೆಂದರೆ, ಹೊರಡುವುದಕ್ಕೆ ಒಂದು ಗಂಟೆ ಮೊದಲು ಅದನ್ನು ಆಫ್ ಮಾಡಿ. ಬ್ಯಾಗಿನ ಜಿಪ್ ತೆಗೆಯದೆ ಜಗಲಿಯಲ್ಲಿಟ್ಟು, ಕಣ್ಣಳತೆಯಲ್ಲೇ ಇರಿ. ಮುಕ್ಕಾಲು ಗಂಟೆಯಾದರೂ ಬೇಕು. 600 ಎಂಎಂನಂಥ ಭಾರದ ಲೆನ್ಸಿಗೆ ಇನ್ನೂ ಹೆಚ್ಚು. ಅಷ್ಟರಲ್ಲಿ ‘ಸ್ವಲ್ಪ ನೋಡೋಣ’ ಎಂದು ಜಿಪ್ ತೆರೆದರೆ ಕೆಲಸ ಕೆಟ್ಟಿತು. ಲೆನ್ಸ್ ಬದಲಿಸಲಂತೂ ಹೋಗಬೇಡಿ, ತೇವ ಕ್ಯಾಮೆರಾದ ಹೊಟ್ಟೆಗೇ ಇಳಿಯುತ್ತದೆ. ಗೇಟಿನವರೆಗೆ ಕಾರಿನಲ್ಲಿ ಹೋಗುವುದಾದರೆ ಅಲ್ಲಿಯೂ ಎಸಿ ಬೇಡ. ಇದನ್ನು ಮರೆತು ನಾನೇ ಒಂದು ಬೆಳಗು ಕಳೆದುಕೊಂಡಿದ್ದೇನೆ.

ಹಿಮದ ನಾಡಿನಲ್ಲಿ ಇದು ತಿರುಗುಮುರುಗು. ಅಲ್ಲಿ ಬೆಚ್ಚಗಿನ ರೂಮಿಗೆ ಮರಳುವಾಗಲೇ ಅಪಾಯ. ಮೆಮೊರಿ ಕಾರ್ಡು, ಬ್ಯಾಟರಿಯನ್ನು ಹೊರಗೇ ತೆಗೆದುಕೊಂಡು, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಒಳಗೆ ಹೋಗಿ. ಮಂಜು ಚೀಲದ ಹೊರಮೈಗೆ ಕೂರಲಿ.

ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ನಂಬಬೇಡಿ. ಅವು ನಿಮ್ಮ ಕೈಸೇರುವ ಮೊದಲೇ ತೇವ ಕುಡಿದಿರುತ್ತವೆ. ಬಣ್ಣ ಬದಲಿಸುವಂಥದ್ದನ್ನು ಕೊಳ್ಳಿ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

4. ಹಾಸಿಗೆ, ಬಿಸಿನೀರು: ಇದ್ದರೆ ಸಾಕು.

5. ರೂಮು ಅಡುಗೆಮನೆಗೂ ಜನರೇಟರಿಗೂ ದೂರವಿರಲಿ, ನೆಲಮಹಡಿಯದಾಗಿರಲಿ. ನಸುಕಿನ 4 ಗಂಟೆಗೆ ಟ್ರೈಪಾಡು, ಲೆನ್ಸ್ ಊರುವ ಬೀನ್‌ಬ್ಯಾಗು ಹೊತ್ತು ಕತ್ತಲಲ್ಲಿ ಮೆಟ್ಟಿಲಿಳಿಯುವುದು ಯಾರಿಗೆ ಬೇಕು? ‘ಬಾಲ್ಕನಿಯಿಂದಲೇ ಪ್ರಾಣಿ ಕಾಣುತ್ತೆ’ ಎಂದು ಆಸೆ ತೋರಿಸುವವರನ್ನು, ಆಹಾರ ಹಾಕಿ ಕರೆಸುತ್ತೀರಾ ಎಂದು ಕೇಳಿ. ಹೌದೆಂದರೆ ಬೇರೆ ಕಡೆ ನೋಡಿ.

6. ಹಣ ಕಟ್ಟುವ ಮೊದಲು ಇನ್ನೊಂದು ವಿಚಾರಿಸಿ: ಕಿಟಕಿಗೆ ಗಟ್ಟಿ ಚಿಲಕವಿದೆಯೇ? ಮೇಜಿನ ಮೇಲೆ ಬಿಟ್ಟ ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಮರೆ) ಕೋತಿಗೂ ಇಷ್ಟ.