ಮೂರನೇ ತುಂಡು

ಸುಂಟಿಕೊಪ್ಪದ ಹತ್ತಿರದ ನಮ್ಮ ಶಾಲೆಯಲ್ಲಿ ಓದುಗರ ಬಳಗ ಶುರು ಮಾಡಿದಾಗ 20 ಮಕ್ಕಳಿದ್ದರು. ಐದೈದು ಜನರ ಗುಂಪು ಮಾಡಿ, ಗುಂಪಿಗೊಂದು ಪುಸ್ತಕ ಕೊಟ್ಟು, "ಓದಿ, ಮಾತಾಡಿ" ಅಂದೆ. ಪ್ರತಿ ಗುಂಪಿನಲ್ಲೂ ಒಬ್ಬಳೇ ಓದಿದಳು, ಅವಳೇ ಮಾತಾಡಿದಳು. ಉಳಿದವರು ಮಳೆ ನೋಡುತ್ತಾ ಕೂತರು. ಒಬ್ಬಳು ಓದಿದರೆ ಕೆಲಸ ಮುಗಿಯುತ್ತೆ ಅಂದಮೇಲೆ ಬೇರೆಯವರು ಯಾಕೆ ಓದಬೇಕು, ಅಲ್ವಾ?

ಹಾಗಾಗಿ ಕಥೆಯನ್ನೇ ಕತ್ತರಿಸಿದೆ. ಕೊಡಗಿನ ಗೌರಮ್ಮನವರ ಒಂದು ಸಣ್ಣ ಕಥೆ ಆರಿಸಿ, ಜೆರಾಕ್ಸ್ ಮಾಡಿಸಿ, ನಾಲ್ಕು ತುಂಡು ಮಾಡಿದೆ. ಈಗ ಗುಂಪಿಗೆ ನಾಲ್ಕೇ ಜನ, ಒಬ್ಬರಿಗೆ ಒಂದೇ ತುಂಡು. ಶುಕ್ರವಾರ ಒಂದೇ ನಂಬರಿನ ತುಂಡು ಸಿಕ್ಕವರೆಲ್ಲ ಒಟ್ಟಿಗೆ ಕೂತು ಓದುತ್ತಾರೆ, ಅರ್ಥವಾಗದ ಪದ ಕೇಳಿಕೊಳ್ಳುತ್ತಾರೆ. 1930ರ ದಶಕದ ಕನ್ನಡ, ಸ್ವಲ್ಪ ಬಿಗಿ. ಶನಿವಾರ ತಮ್ಮ ತಮ್ಮ ಗುಂಪಿಗೆ ಮರಳಿ, ಹಾಳೆ ಮಡಚಿಟ್ಟು ಬಾಯಲ್ಲಿ ಹೇಳಬೇಕು. ಹಾಳೆ ಮಡಚಿಸಲೇಬೇಕು, ಇಲ್ಲದಿದ್ದರೆ ಸುಮ್ನೆ ಗಟ್ಟಿಯಾಗಿ ಓದಿಬಿಡುತ್ತಾರೆ.

ಕನ್ನಡದಲ್ಲೇ ಹೇಳಬೇಕು ಅಂತ ನಾನು ಹಠ ಹಿಡಿಯಲಿಲ್ಲ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು ಆಡುವ ಮಕ್ಕಳು ಇವರು. ಒಬ್ಬಳು ಅರ್ಧ ಮಲಯಾಳದಲ್ಲಿ ಹೇಳಿದಳು, ಪಕ್ಕದವಳು ಕನ್ನಡ ಮಾಡಿದಳು. ಸದ್ದು ಜಾಸ್ತಿಯಾಯಿತು, ನಿಜ.

ಗೌರಮ್ಮ ಇಲ್ಲೇ ಗುಂಡುಕುಟ್ಟಿ ತೋಟದಲ್ಲಿದ್ದವರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಒಡವೆ ಕೊಟ್ಟವರು ಅಂದೆ. ಒಡವೆಯ ಮಾತು ಮಕ್ಕಳಲ್ಲಿ ಯಾರಿಗೂ ಬೇಡವಾಯಿತು. "ನಮ್ಮ ಮಾವ ಅಲ್ಲೇ ಕಾಫಿ ಕೊಯ್ಯೋದು!" ಅಂತ ಇಬ್ಬರು ಎದ್ದು ನಿಂತರು. 27ನೇ ವಯಸ್ಸಿಗೇ ತೀರಿಕೊಂಡರು ಅಂದಾಗ ಮಾತ್ರ ಕೋಣೆ ಸುಮ್ಮನಾಯಿತು.

ಜುಲೈನ ಒಂದು ಶನಿವಾರ ಹೊಸ ಕಥೆ ನಡೆದಿತ್ತು. ಜೋರು ಮಳೆ. ತೋಟದ ಕೆಲಸಗಾರರ ಲೈನ್‌ಮನೆಯ ಒಬ್ಬ ಹುಡುಗ ಬರಲಿಲ್ಲ. ಅವನ ಗುಂಪಿನ ಮೂರನೇ ತುಂಡು ಅವನ ಚೀಲದಲ್ಲೇ ಉಳಿಯಿತು. ತರಗತಿಯಲ್ಲಿ ಬಾಯಿ ಬಿಡದ ಹುಡುಗ, ಅವನಿಲ್ಲ ಅಂತ ಅದುವರೆಗೆ ಯಾರೂ ಕೇಳಿದ್ದಿಲ್ಲ. ಬೇರೆ ಗುಂಪಿನವರು ಹೇಳಿಕೊಡಲು ಬಂದರೆ ಆ ಮೂವರೂ ಕಿವಿ ಮುಚ್ಚಿಕೊಂಡರು. ನನ್ನ ಹತ್ತಿರ ಇನ್ನೊಂದು ಪ್ರತಿ ಇತ್ತು, ಕೊಡಲಿಲ್ಲ. ಎರಡಕ್ಕೂ ನಾಲ್ಕಕ್ಕೂ ನಡುವೆ ಏನಾಗಿರಬಹುದು ಅಂತ ಜಗಳಾಡಿ, ಒಂದು ಪುಟ ತಾವೇ ಬರೆದರು.

ಸೋಮವಾರ ಅವನು ಒದ್ದೆ ಕೊಡೆ ಮಡಚುವ ಮೊದಲೇ ಮೂವರೂ ಮುತ್ತಿಕೊಂಡರು. "ಹೇಳೋ, ಏನಾಯ್ತು?"

ಅವನು ಚೀಲವನ್ನು ಎದೆಗೆ ಒತ್ತಿಕೊಂಡ. "ಮೊದಲು ನೀವು ಬರೆದದ್ದು ಓದಿ" ಅಂದ.