ಟ್ರ್ಯಾಕ್ಟರ್ ಬಲ್ಲವರಿಗೆ ಹುಲ್ಲಿನ ಮಷಿನ್ ಕಲಿಸುವಾಗ

ಧಾರವಾಡದ ಒಂದು ಕಾಲೇಜಿನ ಆವರಣದಲ್ಲಿ ತೋಟ, ಮೈದಾನ ನೋಡಿಕೊಳ್ಳುವ ಕೆಲಸ ನನ್ನದು. ಮೇಲೆ ಕುಳಿತು ಓಡಿಸುವ ಲಾನ್ ಮೋವರ್ ಬಂದ ಮೇಲೆ ಅದನ್ನು ಓಡಿಸುವುದೂ, ಹೊಸಬರಿಗೆ ಕಲಿಸುವುದೂ ನನ್ನ ಪಾಲಿಗೇ ಬಂತು. ಕೆಲಸಕ್ಕೆ ಬರುವ ಹುಡುಗರು ನವಲಗುಂದ, ಕಲಘಟಗಿ ಕಡೆಯವರು, ಮೀಸೆ ಚಿಗುರುವ ಮೊದಲೇ ಟ್ರ್ಯಾಕ್ಟರ್ ಹೊಡೆದವರು. "ನೂರಾರು ಎಕರೆ ನೇಗಿಲಾ ಹೊಡದೀನ್ರಿ ಸರ, ಇದೇನ ದೊಡ್ಡದು ಬಿಡ್ರಿ" ಅಂತಾರೆ. ಸ್ಟಿಯರಿಂಗ್, ಬ್ರೇಕ್ ಮಟ್ಟಿಗೆ ಅವರ ಮಾತು ಖರೆ. ಆದರೆ ಟ್ರ್ಯಾಕ್ಟರ್ ಮೇಲೆ ಮೈಗಂಟಿದ ಕೆಲವು ರೂಢಿಗಳು ಈ ಮಷಿನ್ ಮೇಲೆ ಪ್ರಾಣಕ್ಕೆ ಬರುತ್ತವೆ. ಅವನ್ನು ಬಿಡಿಸುವುದೇ ನನ್ನ ಪಾಠದ ಬಹುಭಾಗ.

ಮೊದಲು ಲೆಕ್ಕ ಹೇಳುತ್ತೇನೆ. ಡೆಕ್, ಅಂದರೆ ಬ್ಲೇಡುಗಳನ್ನು ಮುಚ್ಚಿರುವ ತಗಡಿನ ಕವಚ, ಅದರ ಕೆಳಗಿನ ಒಂದೊಂದು ಬ್ಲೇಡೂ ಸುಮಾರು 53 ಸೆಂ.ಮೀ. ಉದ್ದ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 300 ಕಿ.ಮೀ. ವೇಗದಲ್ಲಿ ಹೋಗುತ್ತಿರುತ್ತದೆ. ಅಷ್ಟು ವೇಗದ ಕಬ್ಬಿಣಕ್ಕೆ ಒಂದು ಹರಳು ಸಿಕ್ಕರೆ ಅದು ಎಲ್ಲಿಗೆ ಹಾರುತ್ತದೆ ಎಂದು ಯಾರೂ ಹೇಳಲಾರರು. ಹಾಗಾಗಿ ಮಷಿನ್ ಚಾಲೂ ಮಾಡುವ ಮೊದಲು ಮೈದಾನವನ್ನು ನಡೆದು ನೋಡಲೇಬೇಕು. ಗಣೇಶ ಹಬ್ಬ, ಕಾಲೇಜಿನ ಗ್ಯಾದರಿಂಗ್, ಕ್ರಿಕೆಟ್ ಪಂದ್ಯ ಯಾವುದೇ ಮುಗಿದಿರಲಿ, ಮರುದಿನ ಹುಲ್ಲಿನಲ್ಲಿ ಪೆಂಡಾಲಿನ ಗೂಟ, ಬ್ಯಾನರ್ ಕಟ್ಟಿದ ತಂತಿ, ತೆಂಗಿನ ಚಿಪ್ಪು ಸಿಗುತ್ತವೆ. ತಂತಿ ಬಹಳ ಕೆಟ್ಟದ್ದು. ಬ್ಲೇಡ್ ತಿರುಗಿಸುವ ಸ್ಪಿಂಡಲ್‌ಗೆ ಸುತ್ತಿಕೊಂಡರೆ ಸೀಲ್, ಬೇರಿಂಗ್ ಎರಡೂ ಹೋಗುತ್ತವೆ. ಹುಲ್ಲು ಹೊರಬೀಳುವ ಬಾಯಿಗೆ ಒಂದು ಮುಚ್ಚಳ ಇರುತ್ತದೆ. ಹುಲ್ಲು ಸಲೀಸಾಗಿ ಬೀಳಲಿ ಎಂದು ಅದನ್ನು ಮೇಲಕ್ಕೆತ್ತಿ ಕಟ್ಟುವವರಿದ್ದಾರೆ. ನನ್ನ ಕೈಕೆಳಗೆ ಅದು ನಡೆಯುವುದಿಲ್ಲ. ಕಳೆ ತೆಗೆಯುವ ಅಕ್ಕಂದಿರು ಅದೇ ಮೈದಾನದಲ್ಲಿ ಇದ್ದರೆ ಅವರು ಆಚೆ ತುದಿಗೆ ಹೋಗುವವರೆಗೆ ಬ್ಲೇಡ್ ಹಾಕಬಾರದು.

ಎರಡನೆಯದು ಸೀಟಿನ ಕೆಳಗಿನ ಸ್ವಿಚ್. ನನ್ನ ದೃಷ್ಟಿಯಲ್ಲಿ ಇಡೀ ಮಷಿನ್‌ನಲ್ಲಿ ಇದಕ್ಕಿಂತ ಬೆಲೆಯುಳ್ಳ ಭಾಗ ಇನ್ನೊಂದಿಲ್ಲ. ಬ್ಲೇಡ್ ತಿರುಗುತ್ತಿರುವಾಗ ಕೂತವನು ಎದ್ದರೆ ಅಥವಾ ಬಿದ್ದರೆ ಇದು ಎಂಜಿನ್ ನಿಲ್ಲಿಸುತ್ತದೆ. ಟ್ರ್ಯಾಕ್ಟರಿನಲ್ಲಿ ಎಂಜಿನ್ ಚಾಲೂ ಇಟ್ಟೇ ಇಳಿದು ಕುಂಟೆ ನೋಡಿ ಬರುವ ರೂಢಿ ಇದ್ದವರಿಗೆ ಇದು ಕಿರಿಕಿರಿ. ನಮ್ಮ ಮಷಿನ್ ಒಂದು ಮಳೆಗಾಲದಲ್ಲಿ ದಿಬ್ಬ ಹಾರಿದಾಗೆಲ್ಲ ಬಂದ್ ಬೀಳತೊಡಗಿತು. ನೋಡಲು ಬಂದ ಮೆಕ್ಯಾನಿಕ್ "ಎರಡ ವೈರ್ ಕೂಡಿಸಿಬಿಡ್ತೀನ್ರಿ, ಮತ್ತ ತ್ರಾಸ ಇರೂದಿಲ್ಲ" ಅಂದ. ನಾನು ಒಪ್ಪಲಿಲ್ಲ. ಸೀಟು ಎತ್ತಿ ನೋಡಿದರೆ ಕನೆಕ್ಟರ್‌ನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಉಜ್ಜಿ ತೆಗೆದು ಕನೆಕ್ಟರ್ ಬಿಗಿಯಾಗಿ ಕೂರಿಸಿದ ಮೇಲೆ ಸರಿಯಾಯಿತು. ವೈರ್ ಕೂಡಿಸಿದ್ದರೆ ಮಷಿನ್ ಓಡುತ್ತಿತ್ತು, ಆದರೆ ಮೇಲಿನವನು ಕೆಳಗೆ ಬಿದ್ದ ದಿನವೂ ಓಡುತ್ತಲೇ ಇರುತ್ತಿತ್ತು.

ಈಗ ದಿನಾ ಬೆಳಗ್ಗೆ ಸಮತಟ್ಟು ಜಾಗದಲ್ಲಿ ಎರಡು ಪರೀಕ್ಷೆ. ಬ್ಲೇಡಿನ ಸ್ವಿಚ್ ಆನ್ ಇಟ್ಟು ಕೀಲಿ ತಿರುಗಿಸಿದರೆ ಎಂಜಿನ್ ಚಾಲೂ ಆಗಬಾರದು. ಆಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡ್ ತಿರುಗಿಸಿ, ಕಾಲು ಫುಟ್‌ರೆಸ್ಟ್ ಮೇಲಿಟ್ಟುಕೊಂಡೇ ಸೀಟಿನಿಂದ ಸ್ವಲ್ಪ ಮೇಲೆದ್ದರೆ ಎಂಜಿನ್ ನಿಲ್ಲಬೇಕು. ಎರಡರಲ್ಲಿ ಒಂದು ತಪ್ಪಿದರೂ ಆ ದಿನ ಕಟಿಂಗ್ ಇಲ್ಲ.

ಇಳಿಜಾರಿನ ಮಾತು ಬಂದಾಗ ರೈತರ ಮಕ್ಕಳೊಂದಿಗೆ ಸ್ವಲ್ಪ ವಾದವೇ ಆಗುತ್ತದೆ. ಮಣ್ಣು ಕೊಚ್ಚಿ ಹೋಗದಿರಲಿ ಎಂದು ಹೊಲದಲ್ಲಿ ಇಳಿಜಾರಿಗೆ ಅಡ್ಡ ಹರಗುವುದನ್ನು ಅವರು ಚಿಕ್ಕಂದಿನಿಂದ ಕಂಡಿದ್ದಾರೆ. ಹೊಲಕ್ಕೆ ಅದೇ ಸರಿ. ಸ್ಟಿಯರಿಂಗ್ ಇರುವ ನಮ್ಮ ಮೋವರ್ ಮಾತ್ರ ಅಡ್ಡ ಹೋದರೆ ಪಕ್ಕಕ್ಕೆ ಉರುಳುತ್ತದೆ; ಅದನ್ನು ನೆಟ್ಟಗೆ ಏರಿಸಿ ನೆಟ್ಟಗೆ ಇಳಿಸಬೇಕು, ಇಳಿಜಾರಿನ ನಡುವೆ ತಿರುಗಿಸಬಾರದು. ಏರುವಾಗ ಚಕ್ರ ಜಾರಿದರೆ ಬ್ಲೇಡ್ ನಿಲ್ಲಿಸಿ, ಬಂದ ದಾರಿಯಲ್ಲೇ ನಿಧಾನ ಹಿಂದಕ್ಕೆ ಇಳಿಯಬೇಕು. ಕೈಪಿಡಿ ಹೇಳುವ ಮಿತಿ 15 ಡಿಗ್ರಿ, ಅಂದರೆ ಹತ್ತು ಅಡಿ ದೂರಕ್ಕೆ ಸುಮಾರು ಎರಡೂ ಮುಕ್ಕಾಲು ಅಡಿ ಏರು. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಉದ್ದನೆಯ ಹಲಗೆ ಇಟ್ಟು, ಅದರ ಮೇಲೆ ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ಅಳೆದು, ಮಿತಿ ಮೀರಿದ ಕಡೆಯೆಲ್ಲ ಸುಣ್ಣದ ಗೆರೆ ಹಾಕಿಸಿದ್ದೇನೆ. ಗೆರೆಯಾಚೆ ಕೈಯಲ್ಲಿ ಹಿಡಿದು ಹುಲ್ಲು ಕತ್ತರಿಸುವ ಬ್ರಷ್ ಕಟರ್ ಕೆಲಸ. ಧಾರವಾಡದ ಮಸಾರಿ (ಕೆಂಪು ಮಣ್ಣಿನ) ದಿಬ್ಬಗಳು ಒಣಗಿದ್ದಾಗ ಹಿಡಿತ ಕೊಡುತ್ತವೆ. ಮಿರಗದ ಮಳೆ ಹಿಡಿದ ಮೇಲೆ ಹಸಿ ಹುಲ್ಲಿನ ಮೇಲೆ ಹತ್ತು ಡಿಗ್ರಿಯೂ ಜಾರುತ್ತದೆ. ಹುಬ್ಬಳ್ಳಿ ಕಡೆಯ ಎರಿ (ಕಪ್ಪು ಮಣ್ಣಿನ) ನೆಲದಲ್ಲಿ ಇಳಿಜಾರು ಕಡಿಮೆ, ಆದರೆ ಮಳೆಯಲ್ಲಿ ಚಕ್ರ ಹೂತು ಹೋಗುತ್ತದೆ, ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ರಿಯಾಯಿತಿ ಎಂಬುದೇ ಇಲ್ಲ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಗನನ್ನು ಕೂರಿಸಿಕೊಂಡು ಹೊಲಕ್ಕೆ ಹೋಗುವುದು ನಮ್ಮಲ್ಲಿ ಪ್ರೀತಿಯ ರೂಢಿ. ಕ್ವಾರ್ಟರ್ಸಿನ ಮಕ್ಕಳು ಮಷಿನ್ ಸದ್ದು ಕೇಳಿದರೆ ಓಡಿ ಬರುತ್ತವೆ, "ಅಂಕಲ್ ಒಂದ ರೌಂಡ್" ಅಂತಾವೆ. ಒಮ್ಮೆ ಕೂತ ಮಗು ಮರುದಿನ ಹಿಂದಿನಿಂದ ಓಡಿ ಬರುತ್ತದೆ, ಓಡಿಸುವವನು ರಿವರ್ಸ್ ಹಾಕಿರುತ್ತಾನೆ. ಅದಕ್ಕೇ ಮಷಿನ್ ನಿಂತಿದ್ದರೂ ಯಾರನ್ನೂ ಮೇಲೆ ಕೂರಿಸುವುದಿಲ್ಲ. ರಿವರ್ಸ್ ಹಾಕುವ ಮೊದಲು ಬ್ಲೇಡ್ ನಿಲ್ಲಿಸಬೇಕು, ಹೊರಳಿ ನೆಲದವರೆಗೆ ನೋಡಬೇಕು, ಹಿಂದೆ ಹೋಗುತ್ತಿರುವಷ್ಟೂ ಹೊತ್ತು ನೋಡುತ್ತಲೇ ಇರಬೇಕು. ಕೀಲಿ ಕೆಲಸ ಮುಗಿದ ಕೂಡಲೇ ಕಿಸೆಗೆ.

ಇನ್ನು ರಿಪೇರಿ ಕೆಲಸ. ಡೆಕ್ ಕೆಳಗೆ ಕೈ ಹೋಗುವ ಮುಂಚೆ ಕೀಲಿ ತೆಗೆದು, ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ಪಕ್ಕಕ್ಕೆ ಇಡಬೇಕು. ಬ್ಲೇಡನ್ನು ಕೈಯಿಂದ ತಿರುಗಿಸಿದಾಗ ಎಂಜಿನ್ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಬರೀ ಜಾಕ್ ನಂಬಿ ಕೆಳಗೆ ಹೋಗಬಾರದು, ಸ್ಟ್ಯಾಂಡ್ ಕೊಡಲೇಬೇಕು. ಬ್ಲೇಡ್ ಮಸೆದ ಮೇಲೆ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡುತ್ತೇನೆ. ಒಂದು ಕಡೆ ವಾಲಿದರೆ ಆ ತುದಿಯ ಹಿಂಬದಿಯನ್ನು ಇನ್ನಷ್ಟು ಉಜ್ಜಬೇಕು. ತೂಕ ಸಮ ಇಲ್ಲದ ಬ್ಲೇಡ್ ಸ್ಪಿಂಡಲ್ ಬೇರಿಂಗ್ ತಿನ್ನುತ್ತದೆ. ಬಾಗಿದ ಬ್ಲೇಡನ್ನು ಬಡಿದು ನೆಟ್ಟಗೆ ಮಾಡಿ ಹಾಕುವುದು ಬೇಡ, ಹೊಸದು ತರಿಸಿ. ಮೊಂಡ ಬ್ಲೇಡ್ ಕರಕಿಯನ್ನು ಕತ್ತರಿಸದೆ ಹರಿಯುತ್ತದೆ, ಎರಡು ದಿನಕ್ಕೆ ಹುಲ್ಲಿನ ತುದಿಯೆಲ್ಲ ಬೆಳ್ಳಗಾಗುತ್ತದೆ. ಹುಲ್ಲು ತುಂಬಾ ಬೆಳೆದಿದ್ದರೆ ಒಂದೇ ಸಲಕ್ಕೆ ಬೋಳಿಸಬಾರದು, ಮೂರರಲ್ಲೊಂದು ಭಾಗ ಮಾತ್ರ.

ಟೈರಿನ ಗಾಳಿ ಸಣ್ಣ ವಿಷಯ ಅನಿಸಬಹುದು. ನಮ್ಮ ಮಷಿನ್‌ಗೆ ಮುಂದೆ 14, ಹಿಂದೆ 10 ಪಿಎಸ್‌ಐ. ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಹಾಗೆ ಮೂವತ್ತು ತುಂಬಿಬಿಡುತ್ತಾರೆ. ಅದರಿಂದ ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ, ಎಡ ಬಲ ಗಾಳಿ ಹೆಚ್ಚುಕಡಿಮೆ ಆದರೆ ಕಟಿಂಗೂ ಓರೆಯಾಗುತ್ತದೆ. ಗೇಜ್ ಸ್ವಂತದ್ದೇ ಇರಲಿ.

ಆಯಿಲ್ 50 ಗಂಟೆಗೊಮ್ಮೆ, ಏರ್ ಫಿಲ್ಟರ್ ದೂಳಿನ ದಿನಗಳಲ್ಲಿ ವಾರಕ್ಕೊಮ್ಮೆ. ಖಂಡೇನವಮಿಗೆ ಪೂಜೆಯ ಮೊದಲು ಡೆಕ್ ಬಿಚ್ಚಿ, ಒಣಗಿದ ಹುಲ್ಲನ್ನು ಮರದ ಪಟ್ಟಿಯಿಂದ ಕೆರೆದು, ಬೆಲ್ಟಿನಲ್ಲಿ ಸೀಳು ಇದೆಯೇ ಎಂದು ನೋಡುತ್ತೇವೆ.

ಪೆಟ್ರೋಲ್ ತಣ್ಣಗಾದ ಎಂಜಿನ್‌ಗೇ ಹಾಕಬೇಕು, ಕ್ಯಾನ್ ತುಂಬಿಸುವಾಗ ಅದನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಬೇಕು. ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತದ್ದು. ಈ ಸಣ್ಣ ಎಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ 10% ವರೆಗೆ ಮಾತ್ರ ಒಪ್ಪುತ್ತವೆ. ನಿಮ್ಮ ಮಷಿನ್ ಕೊಂಡ ಡೀಲರನ್ನು ಇದರ ಬಗ್ಗೆ ಕೇಳಿ. ಎಥೆನಾಲ್ ತೇವ ಹೀರುತ್ತದೆ, ನಿಂತ ಪೆಟ್ರೋಲ್ ಕಾರ್ಬ್ಯುರೇಟರ್ ಕೆಡಿಸುತ್ತದೆ. ನಾನು ಒಂದು ವಾರಕ್ಕೆ ಬೇಕಾದಷ್ಟೇ ತರಿಸುತ್ತೇನೆ. ದೀಪಾವಳಿ ಕಳೆದು ಹುಲ್ಲಿನ ಬೆಳವಣಿಗೆ ನಿಂತಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ ಇಡುತ್ತೇನೆ.